ತಿಂಗಳ ಮೊದಲ ಹನ್ನೆರಡು ದಿನ

ಬೆಳಗಿನ ಐದೂ ಮುಕ್ಕಾಲು. ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ, ಶವಾಗಾರಕ್ಕೂ ಬಟ್ಟೆ ಒಗೆಯುವ ಕೋಣೆಗೂ ನಡುವೆ ಸಿಕ್ಕಿಕೊಂಡ ಒಂದು ಪುಟ್ಟ ಕೊಠಡಿ. ಕಿಟಕಿಯ ಗಾಜು ಒಡೆದ ಕಡೆ ಹಳೆಯ ಎಕ್ಸ್‌ರೇ ಫಿಲ್ಮ್ ಅಂಟಿಸಿದ್ದಾರೆ. ಹೊರಗೆ ಬೆಳಕು ಹರಿದಂತೆ ಯಾರದೋ ಪಕ್ಕೆಲುಬು ನಿಧಾನವಾಗಿ ಗೋಡೆಯ ಮೇಲೆ ಮೂಡುತ್ತದೆ. ಅದರ ಕೆಳಗೆ, ಶಾಲನ್ನು ಕುತ್ತಿಗೆಯವರೆಗೂ ಸುತ್ತಿಕೊಂಡು, ಐವತ್ತೆರಡರ ಹೆಂಗಸೊಬ್ಬರು ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸುತ್ತ ಕುಳಿತಿದ್ದಾರೆ. ಪರದೆಯಲ್ಲಿ ಒಂದು ಚಕ್ರ ತಿರುಗುತ್ತಿದೆ. ತಿರುಗುತ್ತಲೇ ಇದೆ.

"ಬಂತು," ಎನ್ನುತ್ತಾರೆ ಕೊನೆಗೂ. ಬಸ್ಸು ಬಂತು ಎನ್ನುವ ಧಾಟಿಯಲ್ಲಿ.

ಈ ಹೊತ್ತಿಗೆ ಯಾಕೆ ಬರುತ್ತೀರಿ ಎಂದು ಕೇಳಿದರೆ ನಗುತ್ತಾರೆ. ಆಸ್ಪತ್ರೆ ಕೊಂಡಿರುವ ತಂತ್ರಾಂಶದೊಳಗೆ ಏಕಕಾಲಕ್ಕೆ ಐದು ಜನ ಮಾತ್ರ ಹೋಗಬಹುದು. ಒಪ್ಪಂದ ಇರುವುದೇ ಹಾಗೆ. ಒಂಬತ್ತಕ್ಕೆ ಐದು ಜನ ಅಧಿಕಾರಿಗಳು ಬಂದು ತಮ್ಮ ತಮ್ಮ ಪರದೆ ತೆರೆದಿಟ್ಟರೆ ಮುಗಿಯಿತು, ಅವರು ಅದನ್ನು ನೋಡಲಿ ಬಿಡಲಿ, ಸಂಜೆಯವರೆಗೂ ಉಳಿದವರಿಗೆ ಪ್ರವೇಶವಿಲ್ಲ. "ಸಾಹೇಬ್ರು ಮೀಟಿಂಗಿಗೆ ಹೋಗಿರ್ತಾರೆ, ಕಂಪ್ಯೂಟರ್ ಕುರ್ಚಿ ಕಾಯ್ತಾ ಇರತ್ತೆ. ಅದಕ್ಕೇ ನಾನು ಕೋಳಿ ಕೂಗೋ ಹೊತ್ತಿಗೆ ಬಂದು ಕೂರೋದು."

ಸರಿಯಾಗಿ ಆರಕ್ಕೆ ಫೋನ್ ಗುನುಗುತ್ತದೆ. ಸ್ಪೀಕರ್ ಒತ್ತಿ ಮೇಜಿನ ಮೇಲಿಡುತ್ತಾರೆ.

"ಅಕ್ಕ, ಎದ್ದಿದೀರಾ?"

"ಎದ್ದು, ಬಸ್ಸು ಹತ್ತಿ, ಬಂದು ಕೂತು ಹದಿನೈದು ನಿಮಿಷ ಆಯ್ತು. ನೀನೇ ಆಕಳಿಸ್ತಿದೀಯ. ಬರೆಸು."

ಆ ಕಡೆಯಿಂದ ಕಾಗದ ಮಗುಚುವ ಸದ್ದು. "ಗಂಡಸು. ಅಂದಾಜು ಅರವತ್ತು. ನೂರ ಐವತ್ತೆಂಟು ಸೆಂಟಿಮೀಟರ್. ಬೂದು ಅಂಗಿ, ಮೇಲಿನ ಗುಂಡಿ ಮಾತ್ರ ಬೇರೆ ಬಣ್ಣದ್ದು. ಬಂದಿದ್ದು ಮೂರು..."

"ಮೂರು ಏನು?"

"ಮೂರನೇ ತಾರೀಕು ಅಕ್ಕ. ಸೆಪ್ಟೆಂಬರ್, ಏಳು ವರ್ಷದ ಹಿಂದಿಂದು."

"ಸೆಪ್ಟೆಂಬರ್ ಮೂರು. ತಿಂಗಳ ಹೆಸರು ಬಾಯಿಬಿಟ್ಟು ಹೇಳು ಅಂತ ಎಷ್ಟು ಸಲ ಬಡ್ಕೊಂಡಿದೀನಿ?"

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ತಾರೀಕಮ್ಮ ಎಂದೇ ಕರೆಯುವುದು. ಮೊದಮೊದಲು ಗೇಲಿಗೆ ಇಟ್ಟ ಹೆಸರು. ಈಗ ಹಾಜರಿ ಪುಸ್ತಕದಲ್ಲೂ ಪೆನ್ಸಿಲಿನಲ್ಲಿ ಯಾರೋ ಹಾಗೇ ಬರೆದಿದ್ದಾರೆ. ಅವರು ಗುತ್ತಿಗೆ ಗುಮಾಸ್ತೆ, ಹದಿನಾಲ್ಕು ವರ್ಷದಿಂದ ಶವಾಗಾರದ ದಾಖಲೆ ಬರೆಯುವವರು. ಗುರುತು ಸಿಗದ ಹೆಣ ಬಂದರೆ ಎತ್ತರ, ಬಣ್ಣ, ಬಟ್ಟೆ, ಗಾಯ, ಬಂದ ದಿನ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದು ಅವರ ಕೆಲಸ. ಸುತ್ತಲಿನ ಊರುಗಳ ಏಳು ಸರ್ಕಾರಿ ಆಸ್ಪತ್ರೆಗಳಿಗೂ ಇದೇ ತಂತ್ರಾಂಶ. ಪೊಲೀಸರ ಬಳಿ ಇನ್ನೊಂದು ಪಟ್ಟಿ ಇದೆ, ಕಾಣೆಯಾದವರದು. ಅದು ಬೇರೆ ಕಂಪನಿಯ ತಂತ್ರಾಂಶ. ಎರಡೂ ಪಟ್ಟಿಗಳು ಒಂದನ್ನೊಂದು ನೋಡಿದರೆ ಎಷ್ಟೋ ಮನೆಗಳ ಕಾಯುವಿಕೆ ಮುಗಿಯುತ್ತದೆ. ಆದರೆ ಅವು ನೋಡುವುದಿಲ್ಲ. ಒಂದರಲ್ಲಿ ಎತ್ತರ ಅಡಿಯಲ್ಲಿದೆ, ಇನ್ನೊಂದರಲ್ಲಿ ಸೆಂಟಿಮೀಟರಿನಲ್ಲಿ. ಒಂದರಲ್ಲಿ ಮೈಬಣ್ಣವನ್ನು ಪದದಲ್ಲಿ ಬರೆಯುತ್ತಾರೆ, ಇನ್ನೊಂದರಲ್ಲಿ ಅದು ಬರೀ ಅಂಕೆ. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟ ಹಾಗೆ ಎರಡು ಇಲಾಖೆಗಳು ಹತ್ತು ವರ್ಷದಿಂದ ಒಂದೇ ರಸ್ತೆಯಲ್ಲಿ ಕುಳಿತಿವೆ.

ಇದಿಷ್ಟೇ ಆಗಿದ್ದರೆ ಪತ್ರಿಕೆಯ ವರದಿಗಾರನಾದ ನಾನು ಈ ಚಳಿಯ ಕೊಠಡಿಗೆ ಬರುತ್ತಿರಲಿಲ್ಲ. ಇಲಾಖೆಗಳು ಮಾತು ಬಿಟ್ಟ ಸುದ್ದಿ ಯಾರಿಗೂ ಹೊಸದಲ್ಲ. ನಾನು ಬಂದದ್ದು ಹನ್ನೆರಡು ದಿನಗಳ ಕಥೆ ಕೇಳಲು.

ಐದು ವರ್ಷದ ಹಿಂದೆ, ಜನವರಿಯ ಒಂದು ಬೆಳಿಗ್ಗೆ, ಶವಾಗಾರದ ಅಟೆಂಡರ್ ಒಂದು ಹೆಣದ ಕಾಗದ ಕೇಳಿಕೊಂಡು ಬಂದ. ಏಳನೇ ತಾರೀಕು ಬಂದಿದ್ದ ಹೆಣ. ತಾರೀಕಮ್ಮ ತಮ್ಮ ಕೈಯಾರೆ ಏರಿಸಿದ್ದರು. ಪಟ್ಟಿಯಲ್ಲಿ ಹುಡುಕಿದರೆ ಇಲ್ಲ. ಮೇಲೆ ಕೆಳಗೆ ಜಾಲಾಡಿ ನೋಡಿದರೆ ಕೊನೆಗೆ ಸಿಕ್ಕಿತು, ಜುಲೈ ಒಂದರಲ್ಲಿ.

"ಜನವರಿಯಲ್ಲಿ ಕೂತಿದೀವಿ, ಹೆಣ ಜುಲೈದು," ಎಂದು ನೆನಪಿಸಿಕೊಳ್ಳುತ್ತಾರೆ. "ಅಟೆಂಡರ್ ನಕ್ಕುಬಿಟ್ಟ. ಮುಂಗಡ ಬುಕಿಂಗ್ ಮಾಡಿಸ್ಕೊಂಡಿದಾರೆ ಮೇಡಂ ಅಂದ. ನಾನೂ ನಕ್ಕೆ. ಆಮೇಲೆ ನಗು ನಿಂತೋಯ್ತು."

ತಂತ್ರಾಂಶ ಮಾಡಿದ್ದು ದೂರದ ದೇಶದ ಕಂಪನಿ. ಅವರ ಲೆಕ್ಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮವರು ಬರೆಯುವುದು ದಿನ ಮೊದಲು, ತಿಂಗಳು ಆಮೇಲೆ. ಹದಿಮೂರನೇ ತಾರೀಕಿನಿಂದ ಮುಂದಕ್ಕೆ ತೊಂದರೆಯಿಲ್ಲ. ಹದಿಮೂರನೇ ತಿಂಗಳು ಎಂಬುದು ಇಲ್ಲವಲ್ಲ, ಯಂತ್ರ ತಾನೇ ಅರ್ಥಮಾಡಿಕೊಂಡು ಸರಿಯಾಗಿ ಹಾಕಿಕೊಳ್ಳುತ್ತದೆ. ಆದರೆ ಒಂದರಿಂದ ಹನ್ನೆರಡರವರೆಗೆ ಸದ್ದಿಲ್ಲದೆ ತಿರುವು ಮುರುವು. ಐದನೇ ತಿಂಗಳ ಐದು, ಆರನೇ ತಿಂಗಳ ಆರು, ಇಂಥವು ಮಾತ್ರ ಬಚಾವು. ತಿಂಗಳಲ್ಲಿ ಹದಿನೆಂಟು ದಿನ ಎಲ್ಲ ಸರಿಯಾಗಿಯೇ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ವಾರಸುದಾರರಿದ್ದ ಹೆಣಗಳ ಕಾಗದದಲ್ಲಿ ತಾರೀಕು ತಪ್ಪಿದ್ದರೆ ಮನೆಯವರು ಅಲ್ಲೇ ಜಗಳವಾಡಿ ತಿದ್ದಿಸಿಕೊಳ್ಳುತ್ತಿದ್ದರು. ಯಾರೋ ಬೆರಳು ಜಾರಿಸಿದ್ದಾರೆ ಎಂದುಕೊಂಡು ಸಿಬ್ಬಂದಿ ಒಂದು ಸೀಲು ಹೊಡೆದು ಕೊಡುತ್ತಿದ್ದರು. ಯಾರೂ ಇಲ್ಲದವರ ಪರವಾಗಿ ಜಗಳವಾಡಲು ಯಾರು ಬರಬೇಕು? ಮೂವತ್ತು ದಿನ ಕಳೆದರೆ ದಾಖಲೆಗೆ ಬೀಗ. ಆಮೇಲೆ ಅದನ್ನು ತಿದ್ದುವ ಅಧಿಕಾರ ಗುಮಾಸ್ತರಿಗಿಲ್ಲ, ಡಾಕ್ಟರಿಗಿಲ್ಲ, ಇಲಾಖೆಯ ಮುಖ್ಯಸ್ಥರಿಗೂ ಇಲ್ಲ. ಕಂಪನಿಗೆ ಮಾತ್ರ. ನಮ್ಮ ಬೀದಿಯಲ್ಲಿ ಸತ್ತವನ ದಿನವನ್ನು ತಿದ್ದಲು ಇನ್ನೊಂದು ದೇಶದಲ್ಲಿ ಕುಳಿತವನ ಒಪ್ಪಿಗೆ ಬೇಕು, ಮತ್ತು ಅವನು ಒಪ್ಪುವುದಿಲ್ಲ.

"ಸಾಹೇಬ್ರಿಗೆ ಹೇಳ್ದೆ. ಹೊಂದಾಣಿಕೆ ಮಾಡ್ಕೊಳಮ್ಮ ಅಂದ್ರು. ಕಂಪನಿಗೆ ಬರೆದೆ. ಮೂರು ವಾರಕ್ಕೆ ಉತ್ತರ ಬಂತು: ನಮ್ಮ ತಂತ್ರಾಂಶ ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ, ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡ್ತೀರಿ?"

ಎಷ್ಟು ಕೊಟ್ಟಿರಿ?

"ಒಂದು ಕೊಡೋಣ ಅಂತ ಒತ್ತಿದೆ. ಅದು ಐದು ತಗೊಳ್ತು."

ಮೇಲಿನವರು ಕೈತೊಳೆದುಕೊಂಡರು. ತಾರೀಕಮ್ಮ ಫೋನ್ ಎತ್ತಿಕೊಂಡರು. ಉಳಿದ ಆರು ಆಸ್ಪತ್ರೆಗಳಲ್ಲಿ ತಮ್ಮ ಹಾಗೇ ಮೂಲೆಯ ಕೊಠಡಿಯಲ್ಲಿ ಕುಳಿತವರನ್ನು ಒಬ್ಬೊಬ್ಬರಾಗಿ ಹುಡುಕಿ, ಗುರುತು ಸಿಗದವರ ಪಟ್ಟಿಯನ್ನು ಮತ್ತೆ ಓದಿಸತೊಡಗಿದರು. ದಿನ ತಿಂಗಳನ್ನು ಸುಮ್ಮನೆ ಅದಲು ಬದಲು ಮಾಡಿದರೆ ಸಾಲದು. ಕೆಲವು ಕಡೆ ಗುಮಾಸ್ತರು ತಾವೇ ಬುದ್ಧಿ ಓಡಿಸಿ ತಿಂಗಳನ್ನು ಮೊದಲು ಹಾಕುತ್ತಿದ್ದರು. ಹಾಗಾಗಿ ಪ್ರತಿಯೊಂದನ್ನೂ ಗೇಟಿನ ಪುಸ್ತಕ, ಆಂಬುಲೆನ್ಸಿನ ಪುಸ್ತಕ, ಸ್ಮಶಾನದ ಪುಸ್ತಕ ತೆಗೆದು ತಾಳೆ ನೋಡಬೇಕು. ಆಸ್ಪತ್ರೆ ಹೆಣಕ್ಕೊಂದು ಸಂಖ್ಯೆ ಕೊಡುತ್ತದೆ, ಠಾಣೆ ಇನ್ನೊಂದು, ಮಣ್ಣು ಮಾಡುವ ನಗರಸಭೆ ಮತ್ತೊಂದು. ಬದುಕಿದ್ದಾಗ ಒಂದು ಚೀಟಿಗೂ ಗತಿಯಿಲ್ಲದವನಿಗೆ ಸತ್ತ ಮೇಲೆ ಮೂರು ಸಂಖ್ಯೆ.

ಆಚೆ ಊರಿನ ಆಸ್ಪತ್ರೆ ಬಸ್ಸಿನಲ್ಲಿ ನಲವತ್ತು ನಿಮಿಷ. ಅಲ್ಲಿನ ಗುಮಾಸ್ತನೇ ಈಗ ಪ್ರತಿದಿನ ಆರಕ್ಕೆ ಫೋನ್ ಮಾಡುವವನು. ಅವನ ಬಳಿ ಒಂದು ವಿಶೇಷವಿತ್ತು. ಶವಾಗಾರದ ಕಾಗದದ ಪುಸ್ತಕಗಳನ್ನೆಲ್ಲ ಸುಡಬೇಕೆಂಬ ಆದೇಶ ಬಂದಾಗಲೂ ಅವನು ತನ್ನದೊಂದು ನೋಟ್‌ಬುಕ್ಕನ್ನು ಕದ್ದು ಇಟ್ಟುಕೊಂಡಿದ್ದ, ಬರೆಯುತ್ತಲೂ ಇದ್ದ. ಕಂಪ್ಯೂಟರಿನಲ್ಲಿ 'ಗುರುತು' ಎಂಬ ಕಡೆ ನಾಲ್ಕೇ ಆಯ್ಕೆ: ಮಚ್ಚೆ, ಗಾಯದ ಕಲೆ, ಹಚ್ಚೆ, ಏನೂ ಇಲ್ಲ. ಇವುಗಳಲ್ಲಿ ಸೇರದ್ದನ್ನೆಲ್ಲ ಅವನು ನೋಟ್‌ಬುಕ್ಕಿಗೆ ಹಾಕುತ್ತಿದ್ದ.

ಅವನನ್ನು ಮೊದಲ ಸಲ ಮಾತಾಡಿಸಿದ ಬೆಳಿಗ್ಗೆಯ ಕಥೆಯನ್ನು ತಾರೀಕಮ್ಮ ತಾವಾಗಿ ಹೇಳುವುದಿಲ್ಲ. ನಾನು ಅದನ್ನು ಕೇಳಿದ್ದು ಆ ಗುಮಾಸ್ತನಿಂದಲೇ.

"ನಾನು ಓದ್ತಾ ಹೋದೆ," ಎನ್ನುತ್ತಾನೆ ನಲವತ್ತರ ಆಸುಪಾಸಿನ ಆ ಸಣಕಲು ಮನುಷ್ಯ, ತನ್ನ ಕೊಠಡಿಯಲ್ಲಿ ನೋಟ್‌ಬುಕ್ಕಿನ ರಟ್ಟನ್ನು ನೀವುತ್ತ. "ಗಂಡಸು, ಅಂದಾಜು ಮೂವತ್ತೈದು, ನೂರ ಅರವತ್ತಾರು ಸೆಂಟಿಮೀಟರ್, ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿದ್ದು, ಎಡಗೈ ಕಿರುಬೆರಳು ಅರ್ಧ ಇಲ್ಲ, ಹಳೇ ಗಾಯ. ಡಿಸೆಂಬರ್ ನಾಲ್ಕು. ಇನ್ನೊಂದ್ಸಲ ಓದಿ ಅಂದ್ರು. ಓದಿದೆ. ಮುಂದಿನದು ಹೇಳಿ ಅಂದ್ರು. ಅದಾದ ಮೇಲೆ ಹನ್ನೊಂದು ಹೆಣ ಬರೆಸಿದೀನಿ ಸರ್, ಎಲ್ಲಾ ಬರ್ಕೊಂಡ್ರು. ಒಂದು ತಪ್ಪಿಲ್ಲ."

ಎರಡು ದಿನ ಬಿಟ್ಟು ತಾರೀಕಮ್ಮ ಬಸ್ಸು ಹತ್ತಿ ಅವನ ಕೊಠಡಿಗೆ ಬಂದರು. ಬ್ಯಾಗಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು.

ಫೋಟೋದಲ್ಲಿದ್ದವನು ಅವರ ತಮ್ಮ. ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವವನು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕತ್ತರಿಸುವ ಯಂತ್ರಕ್ಕೆ ಅರ್ಧ ಕಿರುಬೆರಳು ಕೊಟ್ಟಿದ್ದ. ಆಗಾಗ ಮೂರ್ಛೆ ಹೋಗುತ್ತಿದ್ದ. ಅಪ್ಪ ಹೋದ ಮೇಲೆ, ಗಂಡನೂ ಹೋದ ಮೇಲೆ, ತಾರೀಕಮ್ಮನಿಗೆ ಮನೆ ಎಂದರೆ ಅಮ್ಮ ಮತ್ತು ಅವನು. ಮುದ್ರಣಾಲಯ ಮುಚ್ಚಿದ ವರ್ಷ, ಎಂಟು ವರ್ಷದ ಹಿಂದೆ, ಡಿಸೆಂಬರ್ ಎರಡರ ಬೆಳಿಗ್ಗೆ, ಆಚೆ ಊರಿನಲ್ಲಿ ಕೆಲಸವಿದೆಯಂತೆ ನೋಡಿ ಬರುತ್ತೇನೆ ಎಂದು ಹೋದವನು ಬರಲಿಲ್ಲ.

ತಾರೀಕಮ್ಮ ಮಾರನೇ ದಿನವೇ, ಅಂದರೆ ಡಿಸೆಂಬರ್ ಮೂರಕ್ಕೆ, ಆಚೆ ಊರಿನ ಆಸ್ಪತ್ರೆಯಲ್ಲಿ ವಿಚಾರಿಸಿದ್ದರು. ಬಾಗಿಲಲ್ಲಿದ್ದವನು ಒಳ್ಳೆಯ ಮಾತಿನಲ್ಲೇ ಹೇಳಿದ: ಅಂಥವರು ಯಾರೂ ಬಂದಿಲ್ಲಮ್ಮ, ಸುಮ್ನೆ ಓಡಾಡ್ಬೇಡಿ, ಬಂದ್ರೆ ಕಂಪ್ಯೂಟರಿನಲ್ಲಿ ಬಂದೇ ಬರತ್ತೆ. ಅದು ಸುಳ್ಳೂ ಆಗಿರಲಿಲ್ಲ. ತಮ್ಮ ಅಲ್ಲಿಗೆ ಬಂದದ್ದು ನಾಲ್ಕಕ್ಕೆ. ಗುಮಾಸ್ತ ಅಂದೇ ಸರಿಯಾಗಿ ಏರಿಸಿದ: ನಾಲ್ಕು, ಹನ್ನೆರಡು. ಯಂತ್ರ ಓದಿಕೊಂಡಿತು: ಏಪ್ರಿಲ್ ಹನ್ನೆರಡು.

"ದಿನಾ ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಕೂತು ಹುಡುಕ್ತಿದ್ದೆ," ಎನ್ನುತ್ತಾರೆ ತಾರೀಕಮ್ಮ. ಧ್ವನಿ ಏರುವುದಿಲ್ಲ. "ಮೂರು ವರ್ಷ. ಏಳೂ ಆಸ್ಪತ್ರೆ ಪಟ್ಟಿ ನನ್ನ ಕಣ್ಮುಂದೇನೇ ಇತ್ತು. ಡಿಸೆಂಬರ್ ಎರಡು ಅಂತ ಹಾಕೋದು, ಅಲ್ಲಿಂದ ಮುಂದಕ್ಕೆ ನೋಡೋದು. ಹಿಂದಕ್ಕೆ ಯಾಕೆ ನೋಡ್ಲಿ? ಮನೆ ಬಿಡೋ ಮುಂಚೆ ಯಾರಾದ್ರೂ ಸಾಯ್ತಾರಾ? ನಾನು ಡಿಸೆಂಬರಿಂದ ಈ ಕಡೆ ಹುಡುಕ್ತಿದ್ದೆ. ಅವನು ಏಪ್ರಿಲಲ್ಲಿ ಮಲಗಿದ್ದ."

ಪೊಲೀಸರೂ ಹಾಗೆಯೇ ಹುಡುಕಿದರು. ಮೂವತ್ತು ದಿನ ಕಾದು ನಗರಸಭೆಯವರು ಅವನನ್ನು ಮಣ್ಣು ಮಾಡಿದರು. ಈಗ ಅಲ್ಲಿ ತುಕ್ಕು ಹಿಡಿದ ತಗಡಿನ ಮೇಲೆ ನಲವತ್ತೊಂದು ಎಂದು ಬರೆದಿದೆ.

ನಾನು ಗುಮಾಸ್ತನನ್ನು ಕೇಳಿದೆ, ಅವರು ನಿನ್ನ ಮೇಲೆ ಸಿಟ್ಟಾದರೇ ಎಂದು. ಅವನು ಪುಸ್ತಕ ಮುಚ್ಚಿ ಬದಿಗಿಟ್ಟ. "ಬೈದಿದ್ರೆ ಚೆನ್ನಾಗಿರ್ತಿತ್ತು ಸರ್. ನೀನು ಸರಿಯಾಗೇ ಬರೆದಿದೀಯಪ್ಪ ಅಂದ್ರು. ನಾಳೆ ಎಷ್ಟು ಗಂಟೆಗೆ ಫೋನ್ ಮಾಡ್ತೀಯ ಅಂತ ಕೇಳಿದ್ರು. ಆವತ್ತಿಂದ ಒಂದು ದಿನಾನೂ ಆರು ಗಂಟೆ ತಪ್ಪಿಸಿಲ್ಲ. ಅಕ್ಕ ಅಂತ ಕರೀಬಹುದಾ ಅಂತ ಕೇಳೋಕೆ ಮಾತ್ರ ಒಂದು ವರ್ಷ ಬೇಕಾಯ್ತು."

ಆ ಆರು ಗಂಟೆಯ ಫೋನಿನಿಂದ ಹುಟ್ಟಿದ್ದು ಹದಿನಾಲ್ಕು ಕಾಲಂಗಳ ಒಂದು ಪಟ್ಟಿ. ಏಳು ಆಸ್ಪತ್ರೆಗಳ ಗುಮಾಸ್ತರು, ನಗರಸಭೆಯ ಸ್ಮಶಾನ ಮೇಸ್ತ್ರಿ, ಮತ್ತು ಠಾಣೆಯಲ್ಲಿ ಕಾಣೆಯಾದವರ ದೂರು ಬರೆದುಕೊಳ್ಳುವ ಪೊಲೀಸಮ್ಮ ಸೇರಿ ಒಪ್ಪಿಕೊಂಡ ಪಟ್ಟಿ. ಮೇಲಿನ ಯಾವ ಆದೇಶವೂ ಇಲ್ಲ, ಸಮಿತಿಯೂ ಇಲ್ಲ. ಎಲ್ಲರೂ ಒಂದೇ ಥರ ಬರೆಯೋಣ, ಆಗ ಯಾರ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು ಎಂಬ ಸರಳ ಮಾತು. ಅದನ್ನು ಒಪ್ಪಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಬಟ್ಟೆಯ ಬಣ್ಣದ ಮೇಲೆಯೇ ಎರಡು ವಾರ ವಾಗ್ವಾದ. ಸ್ಮಶಾನ ಮೇಸ್ತ್ರಿಯ ಪ್ರಕಾರ ಜಗತ್ತಿನಲ್ಲಿ ಇರುವುದು ಬಿಳಿ ಮತ್ತು ಕೊಳೆ ಎಂಬ ಎರಡೇ ಬಣ್ಣ. ಪೊಲೀಸಮ್ಮನಿಗೆ ನವಿಲು ನೀಲಿ, ಆಕಾಶ ನೀಲಿ, ಶಾಯಿ ನೀಲಿ ಎಲ್ಲ ಬೇಕು. "ತಾಯಂದಿರು ಹಾಗೇ ಹೇಳೋದು ರೀ," ಎಂದು ಅವರು ಪಟ್ಟು ಹಿಡಿದರಂತೆ. "ಮಗ ಯಾವ ಅಂಗಿ ಹಾಕಿದ್ದ ಅಂತ ಕೇಳಿದ್ರೆ ಬರೀ ನೀಲಿ ಅನ್ನಲ್ಲ ಯಾರೂ." ಕೊನೆಗೆ ಹನ್ನೆರಡು ಬಣ್ಣಗಳಿಗೆ ರಾಜಿಯಾಯಿತು, ಪಕ್ಕದಲ್ಲಿ ತಾಯಿಯ ಮಾತು ಬರೆಯಲು ಒಂದಿಷ್ಟು ಜಾಗ.

ಎತ್ತರ ಸೆಂಟಿಮೀಟರಿನಲ್ಲೇ. ಮೈಮೇಲಿನ ಗುರುತನ್ನು ಆಯ್ಕೆಯಿಂದ ಆರಿಸುವಂತಿಲ್ಲ, ಕಂಡದ್ದನ್ನು ಬರೆಯಬೇಕು. ಮೂರು ಕಚೇರಿಗಳ ಮೂರು ಸಂಖ್ಯೆಯೂ ಒಂದೇ ಸಾಲಿನಲ್ಲಿರಬೇಕು. ಯಾವ ಕಂಪನಿಯ ಹಂಗೂ ಇಲ್ಲದೆ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಸಾದಾ ಪಟ್ಟಿಯಾಗಿರಬೇಕು. ಇವೆಲ್ಲಕ್ಕಿಂತ ಮೇಲೆ, ಪಟ್ಟಿಯ ನೆತ್ತಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ.

ಲೆಕ್ಕ ಕೇಳಿದರೆ ತಾರೀಕಮ್ಮ ನೋಟ್‌ಬುಕ್ ತೆರೆಯುವ ಅಗತ್ಯವಿಲ್ಲ. ಹತ್ತು ವರ್ಷದಲ್ಲಿ ಏಳು ಆಸ್ಪತ್ರೆಗಳಿಗೆ ಬಂದ ಗುರುತಿಲ್ಲದವರು ಒಂದು ಸಾವಿರದ ಎಂಟುನೂರ ನಲವತ್ತಾರು. ತಾರೀಕು ತಿರುಗಿಹೋದವರು ಆರುನೂರ ಅರವತ್ತೆಂಟು. ಅದರಲ್ಲಿ ಇದುವರೆಗೆ ಮನೆ ಪತ್ತೆಯಾದವರು ನೂರ ನಲವತ್ತಮೂರು. ಅಷ್ಟು ಬಾಗಿಲುಗಳನ್ನು ಪೊಲೀಸಮ್ಮ ತಟ್ಟಿ ಬಂದಿದ್ದಾರೆ. ಒಂದು ಮನೆಯಲ್ಲಿ ತಟ್ಟೆ ಎಸೆದರು, ಒಂದು ಮನೆಯಲ್ಲಿ ಕಾಲು ಹಿಡಿದುಕೊಂಡರು, ಒಬ್ಬ ಹೆಂಡತಿ ಒಳಗೆ ಹೋಗಿ ಗಂಡನ ಚಪ್ಪಲಿಯನ್ನು ಬಾಗಿಲಿನಿಂದ ಎತ್ತಿ ಒಳಗಿಟ್ಟು ಬಂದು, ಈಗ ಹೇಳಿ ಎಂದಳಂತೆ.

ಈ ಪಟ್ಟಿಯನ್ನು ಮೂರು ವರ್ಷದ ಹಿಂದೆಯೇ ಮೇಲಿನ ಕಚೇರಿಗೆ ಕಳುಹಿಸಿದ್ದಾರೆ. ಉತ್ತರವೂ ಬಂದಿದೆ. ಪರಿಶೀಲನೆಯಲ್ಲಿದೆ.

ಈ ತಿಂಗಳ ಆರಕ್ಕೆ ಊರಿನ ದೊಡ್ಡ ಸಭಾಂಗಣದಲ್ಲಿ ಒಂದು ಸಮ್ಮೇಳನ ನಡೆಯಿತು. ಸರ್ಕಾರದ ದತ್ತಾಂಶದ ಮೇಲೆ ಸರ್ಕಾರಕ್ಕೇ ಒಡೆತನ ಇರಬೇಕು, ಇಲಾಖೆಗಳು ಒಂದೇ ಮಾನದಂಡ ಪಾಲಿಸಬೇಕು, ಒಂದಕ್ಕೊಂದು ಸಹಕರಿಸಬೇಕು ಎಂಬುದು ವಿಷಯ. ಎರಡಾಳುದ್ದದ ಬ್ಯಾನರಿನಲ್ಲಿ ಡಿಜಿಟಲ್ ಸಾರ್ವಭೌಮತ್ವ ಎಂದು ಬರೆದಿತ್ತು. ತಾರೀಕಮ್ಮನಿಗೂ ಕರೆ ಬಂದಿತ್ತು, ಭಾಷಣಕ್ಕಲ್ಲ. ಬಾಗಿಲಲ್ಲಿ ನಿಂತು ಅತಿಥಿಗಳಿಗೆ ಬ್ಯಾಡ್ಜ್ ಕೊಡಲು.

ಬ್ಯಾಡ್ಜ್ ಮುದ್ರಿಸಿದ್ದೂ ಅದೇ ಕಂಪನಿಯ ತಂತ್ರಾಂಶ. ಆಗಸ್ಟ್ ಆರರ ಸಮ್ಮೇಳನಕ್ಕೆ ಬಂದ ಗಣ್ಯರ ಎದೆಯ ಮೇಲೆಲ್ಲ ಜೂನ್ ಎಂಟು. ಕಾವಲುಗಾರ ಹೊಸಬ, ಪ್ರಾಮಾಣಿಕ. ನಿಮ್ಮ ಪಾಸಿನ ಅವಧಿ ಮುಗಿದು ಎರಡು ತಿಂಗಳಾಯಿತು ಸಾರ್ ಎಂದು ಮುಖ್ಯ ಭಾಷಣಕಾರರನ್ನೇ ಬಿಸಿಲಲ್ಲಿ ನಿಲ್ಲಿಸಿದ. ತಾರೀಕಮ್ಮ ಪೆನ್ನು ತೆಗೆದು ಇನ್ನೂರ ಹತ್ತು ಬ್ಯಾಡ್ಜುಗಳ ಮೇಲೆ ಒಂದೊಂದಾಗಿ ಆಗಸ್ಟ್ ಎಂದು ಬರೆದರು, ಅಕ್ಷರದಲ್ಲಿ. ಕೈ ನೋಯಲಿಲ್ಲವೇ ಎಂದರೆ, "ಅಷ್ಟು ಖುಷಿಯಾಗಿ ಯಾವತ್ತೂ ಬರೆದಿಲ್ಲ," ಎನ್ನುತ್ತಾರೆ. ಒಳಗೆ ಹೋದವರಲ್ಲಿ ಒಬ್ಬರಿಗೂ ಇದು ಯಾಕೆ ಹೀಗಾಯಿತು ಎಂದು ಕೇಳಬೇಕೆನಿಸಲಿಲ್ಲ. ಪ್ರಿಂಟರಿನ ದೋಷ ಎಂದುಕೊಂಡು ಚಹಾ ಕುಡಿಯಲು ಹೋದರು. ನನಗೆ ಹೊಟ್ಟೆ ಉರಿಯುವುದು ಇಂಥ ಕಡೆ. ನಾನೂ ಆವತ್ತು ವರದಿಗೆಂದು ಅಲ್ಲಿದ್ದೆ, ನನ್ನ ಬ್ಯಾಡ್ಜಿನ ಮೇಲೂ ಅವರೇ ಬರೆದುಕೊಟ್ಟಿದ್ದರು, ನಾನೂ ಏನೂ ಕೇಳದೆ ಒಳಗೆ ಹೋಗಿ ಮೂರನೇ ಸಾಲಿನಲ್ಲಿ ಕುಳಿತಿದ್ದೆ.

"ಬ್ಯಾನರ್ ಮೇಲಿದ್ದ ಪದ ಚೀಟಿಯಲ್ಲಿ ಬರ್ಕೊಂಡು ಹೋಗಿ ಅಮ್ಮಂಗೆ ಓದಿ ಹೇಳ್ದೆ," ಎನ್ನುತ್ತಾರೆ. "ಹಾಗಂದ್ರೇನೇ ಅಂದ್ರು. ನಮ್ಮ ಪಟ್ಟಿ ನಮ್ಮ ಹತ್ರಾನೇ ಇರೋದು ಅಮ್ಮ ಅಂದೆ. ಅಮ್ಮ ನನ್ನ ಮುಖ ನೋಡಿ, ಇಷ್ಟು ದಿನ ಯಾರ ಹತ್ರ ಇತ್ತು ಅಂತ ಕೇಳಿದ್ರು."

ಈ ಪ್ರಶ್ನೆಗೆ ಇದೇ ಮೂವತ್ತೊಂದಕ್ಕೆ ಉತ್ತರ ಸಿಗಲಿದೆ. ಅಂದು ಕಂಪನಿಯ ಒಪ್ಪಂದ ಮುಗಿಯುತ್ತದೆ. ಹೊಸ ಕಂಪನಿ ಬರುತ್ತಿದೆ. ಹತ್ತು ವರ್ಷದ ದಾಖಲೆಗಳನ್ನು ಹಳೆಯ ಕಂಪನಿ ಪ್ರಾಮಾಣಿಕವಾಗಿ ಹಸ್ತಾಂತರಿಸುತ್ತದಂತೆ, ಆದರೆ ತನ್ನದೇ ರೂಪದ ಕಡತದಲ್ಲಿ. ಅದನ್ನು ತೆರೆಯಲು ಅವರದೇ ತಂತ್ರಾಂಶ ಬೇಕು. ಆ ತಂತ್ರಾಂಶವನ್ನು ಇಲಾಖೆ ಇನ್ನು ಕೊಳ್ಳುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ನಮ್ಮ ಕೈಗಿತ್ತು ಕೀಲಿಯನ್ನು ಜೇಬಿಗಿಳಿಸಿಕೊಂಡು ಹೋಗುವುದಕ್ಕೆ ಹಸ್ತಾಂತರ ಎನ್ನುತ್ತಾರೆ. ಹಳೆಯ ಕಂಪನಿಯ ಯೋಜನೆಯಡಿಗೆ ಸೇರಿಸಿಕೊಂಡಿದ್ದ ಗುತ್ತಿಗೆ ಗುಮಾಸ್ತರ ಕೆಲಸವೂ ಅಂದೇ ಮುಗಿಯುತ್ತದೆ. ತಾರೀಕಮ್ಮನಿಗೆ ನೋಟಿಸು ಬಂದಿದೆ.

ಹೊಸ ಕಂಪನಿಯ ತಂತ್ರಾಂಶದಲ್ಲಿ ಹದಿನಾಲ್ಕು ಕಾಲಂಗಳ ಪಟ್ಟಿ ಸೇರಿದೆಯೇ? ಟೆಂಡರಿನ ಮುನ್ನೂರು ಪುಟ ತಿರುವಿ ನೋಡಿದೆ. ಇಲ್ಲ. ಅಂತರರಾಷ್ಟ್ರೀಯ ಗುಣಮಟ್ಟ ಎಂಬ ಪದ ಮಾತ್ರ ನಲವತ್ತು ಕಡೆ ಇದೆ.

ತಿರುಗಿಹೋದ ಆರುನೂರ ಅರವತ್ತೆಂಟರಲ್ಲಿ ಐನೂರ ಎಪ್ಪತ್ತನಾಲ್ಕನ್ನು ಅವರು ತಮ್ಮ ಪಟ್ಟಿಗೆ ಇಳಿಸಿದ್ದಾರೆ. ಉಳಿದದ್ದು ತೊಂಬತ್ತನಾಲ್ಕು. ಬೀಗ ಬಿದ್ದ ದಾಖಲೆಗಳ ಪ್ರಿಂಟ್ ತೆಗೆಯುವ ಸೌಲಭ್ಯವನ್ನು ಇಲಾಖೆ ಕೊಂಡಿಲ್ಲ, ಪರದೆಯ ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಪ್ರತಿಯೊಂದನ್ನೂ ಪರದೆಯಿಂದ ನೋಡಿ ಕೈಯಲ್ಲೇ ಬರೆದುಕೊಳ್ಳಬೇಕು. ಒಂದಕ್ಕೆ ಹದಿನೈದು ನಿಮಿಷ. ಅಧಿಕಾರಿಗಳು ಬರುವ ಒಂಬತ್ತರೊಳಗೆ ಮುಗಿಸಬೇಕು. ನಾನು ಹೋದ ದಿನಕ್ಕೆ ಉಳಿದದ್ದು ಒಂಬತ್ತು ದಿನ. ದಿನಕ್ಕೆ ಹತ್ತೂ ಸಾಲದು.

"ತಾಳೆ ನೋಡೋದು ಆಮೇಲೆ ಮನೆಯಲ್ಲಿ ಕೂತು ನೋಡಬಹುದು. ಪೊಲೀಸಮ್ಮ ಇದಾರೆ, ಫೋನ್ ಮಾಡ್ತಾನಲ್ಲ ಇವನಿದಾನೆ. ಮೊದಲು ಅವರನ್ನ ಆ ಕಡೆಯಿಂದ ಈ ಕಡೆ ಇಳಿಸ್ಕೊಬೇಕು. ಇಲ್ಲಾಂದ್ರೆ ಅವರು ಅಲ್ಲೇ ಉಳ್ಕೊಂಡ್ಬಿಡ್ತಾರೆ." ಅಲ್ಲೇ ಎನ್ನುವಾಗ ಪರದೆಯ ಕಡೆ ಕೈ ತೋರಿಸುತ್ತಾರೆ, ಯಾವುದೋ ದೂರದ ಊರನ್ನು ತೋರಿಸುವಂತೆ.

ಮಾತಿನ ನಡುವೆ ಅವರ ಕಣ್ಣು ನನ್ನ ಪುಸ್ತಕದ ಮೇಲೆ ಬೀಳುತ್ತದೆ. ಪುಟದ ಮೇಲ್ಗಡೆ ಅಭ್ಯಾಸಬಲದಿಂದ ನಾನು ತಾರೀಕನ್ನು ಅಂಕೆಯಲ್ಲಿ ಹಾಕಿಕೊಂಡಿದ್ದೇನೆ. ಏನೂ ಅನ್ನದೆ ನನ್ನ ಪೆನ್ನು ತೆಗೆದುಕೊಂಡು ಎಂಟನ್ನು ಹೊಡೆದುಹಾಕಿ ಆಗಸ್ಟ್ ಎಂದು ಬರೆಯುತ್ತಾರೆ. "ಇಪ್ಪತ್ತೆರಡು ಆದ್ರಿಂದ ಬಚಾವು. ಆದ್ರೂ ರೂಢಿ ಮಾಡ್ಕೊಳಿ."

ಎಂಟೂವರೆಗೆ ಹತ್ತನೆಯದು ಮುಗಿಯುತ್ತದೆ. ಎರಡನೇ ಚಹಾ ತಣ್ಣಗಾಗಿದೆ. ಇಷ್ಟೆಲ್ಲ ಮಾಡಿದ್ದಕ್ಕೆ ನಿಮಗೇನಾಗಬೇಕು ಎಂದು ನಾನು ಕೇಳುತ್ತೇನೆ, ಪತ್ರಿಕೆಯವರು ಕೇಳುವ ಹಳಸಲು ಪ್ರಶ್ನೆ. ಪ್ರಶಸ್ತಿಯೇ, ಕೆಲಸ ಕಾಯಂ ಆಗುವುದೇ? ಅವರು ಮೇಜಿನ ಖಾನೆ ಎಳೆದು ಮಡಿಸಿದ ಕಾಗದವೊಂದನ್ನು ತೆಗೆಯುತ್ತಾರೆ. ತಮ್ಮನ ಮರಣ ಪತ್ರ. ಅವನೇ ಎಂದು ಪೊಲೀಸರು ಒಪ್ಪಿದ ಮೇಲೆ, ಎರಡು ವರ್ಷ ಅಲೆದು, ಪತ್ರದ ಮೇಲಷ್ಟೇ ಹೆಸರನ್ನು ಸೇರಿಸಿಕೊಂಡದ್ದು. ಹೆಸರು ಸರಿಯಿದೆ. ತಾರೀಕು ಮಾತ್ರ ಯಂತ್ರದಲ್ಲಿದ್ದದ್ದೇ ಬಂದಿದೆ, ಏಪ್ರಿಲ್ ಹನ್ನೆರಡು. ಬೀಗ ಬಿದ್ದ ದಾಖಲೆಯಾದ್ದರಿಂದ ಕೈಯಲ್ಲಿ ತಿದ್ದಿ ಸೀಲು ಹೊಡೆಯುವಂತಿಲ್ಲ. ಕಂಪನಿಗೆ ಇದಕ್ಕಾಗಿ ಬರೆದ ದೂರುಗಳು ಹತ್ತೊಂಬತ್ತು. ಹತ್ತೊಂಬತ್ತೂ ಮುಕ್ತಾಯಗೊಂಡಿವೆ.

"ಅಮ್ಮಂಗೆ ಎಪ್ಪತ್ತೊಂಬತ್ತು. ತಗೊಂಡು ಹೋಗಿ ಕೊಟ್ರೆ ಮುಟ್ಟಲಿಲ್ಲ. ಆ ಏಪ್ರಿಲಲ್ಲಿ ಅವನು ನನ್ನ ಕೈಯಿಂದ ಊಟ ಮಾಡಿದಾನೆ, ಜ್ವರ ಬಂದು ನನ್ನ ತೊಡೆ ಮೇಲೆ ಮಲಗಿದಾನೆ. ಈ ಕಾಗದ ಬೇರೆ ಯಾರ ಮಗಂದೋ, ಅವರಿಗೆ ಕೊಟ್ಟು ಬಾ ಅಂದ್ರು. ನನ್ನ ಮಗ ಇನ್ನೂ ಬರ್ಬೇಕು ಅಂತ ಸಂಜೆ ಬಾಗಿಲ ಚಿಲಕ ಹಾಕಕ್ಕೆ ಬಿಡಲ್ಲ." ಕಾಗದವನ್ನು ಅದೇ ಮಡಿಕೆಗಳಲ್ಲಿ ಮತ್ತೆ ಮಡಿಸುತ್ತಾರೆ. "ಮೂವತ್ತೊಂದಾದ ಮೇಲೆ ತಿದ್ದೋಕೆ ಆ ಕಂಪನೀನೂ ಇರಲ್ಲ."

ಅವರು ಹದಿನಾಲ್ಕು ಕಾಲಂಗಳ ಪಟ್ಟಿಯ ಮೊದಲ ಹಾಳೆಯನ್ನು ನನ್ನ ಕಡೆ ತಿರುಗಿಸುತ್ತಾರೆ. ಒಂದನೇ ಸಾಲು. ಆಸ್ಪತ್ರೆಯ ಸಂಖ್ಯೆ, ಠಾಣೆಯ ಸಂಖ್ಯೆ, ಸ್ಮಶಾನದ ನಲವತ್ತೊಂದು. ಗಂಡಸು. ನೂರ ಅರವತ್ತಾರು. ಎಡಗೈ ಕಿರುಬೆರಳು ಅರ್ಧ ಇಲ್ಲ, ಹಳೆಯ ಗಾಯ. ಡಿಸೆಂಬರ್ ನಾಲ್ಕು. ಅಕ್ಷರಗಳು ಮುದ್ದಾಗಿವೆ, ಎಲ್ಲೂ ಒಂದು ಗೀಟು ಕೂಡ ಅಲುಗಿಲ್ಲ.

"ಇದಕ್ಕೊಂದು ಸರ್ಕಾರಿ ಸೀಲು ಬೀಳಲಿ, ಅಷ್ಟೇ ಸರ್. ಅಮ್ಮ ಇರೋವಾಗ್ಲೇ," ಎನ್ನುತ್ತಾರೆ ತಾರೀಕಮ್ಮ. "ಒಂದು ದಿನ ಚಿಲಕ ಹಾಕ್ಕೊಂಡು ಮಲಗ್ಬೇಕು ನಾವಿಬ್ರು."

ಕಾರಿಡಾರಿನಲ್ಲಿ ಬೂಟಿನ ಸದ್ದು ಕೇಳುತ್ತದೆ. ಅವರು ಗಡಿಯಾರ ನೋಡಿ, ಹನ್ನೊಂದನೆಯದರ ಮೇಲೆ ಬಾಗುತ್ತಾರೆ.